ಕಂಚಿನ ಬಣ್ಣದ ಫೈಬರೂ ಭದ್ರಾವತಿಯ ಗುಜರಿಯೂ

“ಗುಜರಿಯನ್ನು ಬೆಸೆದು ನಿಲ್ಲಿಸಿದರೆ ಅದು ಶಿಲ್ಪವೇ?” ಎಂದು ಮೂಗು ಮುರಿಯುವ ಮಹನೀಯರಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲವೇನೂ ಇಲ್ಲ. ಇದೇ ಮಹನೀಯರು, ಯಾವುದಾದರೊಂದು ವೃತ್ತದಲ್ಲಿ ಕಂಚಿನ ಬಣ್ಣ ಬಳಿದ ಫೈಬರ್ ಮೂರ್ತಿಯ ಪರದೆ ಸರಿದೊಡನೆ ಎರಡೂ ಕೈ ಎತ್ತಿ ಮುಗಿಯುತ್ತಾರೆ, ಹಾರ ಹಾಕುತ್ತಾರೆ, ಫೋಟೋಕ್ಕೆ ನಿಲ್ಲುತ್ತಾರೆ. ತುಕ್ಕು ಹಿಡಿದ ಹಲ್ಲುಚಕ್ರ ತಾನು ಹಲ್ಲುಚಕ್ರವೆಂದು ಒಪ್ಪಿಕೊಂಡು ನಿಂತರೆ ಅದು ಕಸ. ಪೆಟ್ರೋಲಿಯಂ ಎಣ್ಣೆಯಿಂದ ಹುಟ್ಟಿದ ರೆಸಿನ್ ತಾನು ಕಂಚೆಂದು ಸುಳ್ಳು ಹೇಳಿ ನಿಂತರೆ ಅದು ಸಂಸ್ಕೃತಿ! ಈ ನ್ಯಾಯ ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಹಕ್ಕು ಮೂರ್ತಿಗೆ ಹಣ ತೆತ್ತ ಕಾರ್ಮಿಕನಿಗೂ ಅಂಗಡಿಕಾರನಿಗೂ ಇದೆ.

ಮೊದಲು ಈ ಫೈಬರ್ ಮೂರ್ತಿ ಹೇಗೆ ತಯಾರಾಗುತ್ತದೆಂಬುದನ್ನು ನಮ್ಮ ಓದುಗರು ತಿಳಿಯಬೇಕು. ಗಿರಣಿಯಲ್ಲಿ ದುಡಿದವರಿಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಜೇಡಿಮಣ್ಣಿನಲ್ಲಿ ಮೂರ್ತಿಯನ್ನು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಮೇಣ ಸವರಿ, ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ಬೆರೆಸಿ ಬಳಿಯುತ್ತಾರೆ. ಅದರ ಮೇಲೆ ಗಾಜಿನ ನೂಲಿನ ಚಾಪೆ, ಮತ್ತೆ ರೆಸಿನ್, ಮತ್ತೆ ಚಾಪೆ. ಗಟ್ಟಿಯಾದ ಮೇಲೆ ಎರಡು ಹೋಳುಗಳನ್ನು ಜೋಡಿಸಿ, ಸಂದಿಗೆ ಪುಟ್ಟಿ ಮೆತ್ತಿ, ಗ್ರೈಂಡರ್ ಹಿಡಿದು ಉಜ್ಜಿ, ಕೊನೆಗೆ ಕಂಚಿನ ಬಣ್ಣ ಹೊಡೆಯುತ್ತಾರೆ. ಒಳಗೆ ಟೊಳ್ಳು. ನಾಲ್ಕು ಜನ ಎತ್ತಿ ಲಾರಿಗೆ ಹಾಕಬಹುದು. ಕಂಚಾಗಿದ್ದರೆ ಕ್ರೇನು ಬೇಕಿತ್ತು.

ಹಗುರ, ಅಗ್ಗ, ಬೇಗ ಎಂಬ ಈ ಮೂರು ಗುಣಗಳನ್ನು ನಾವೂ ಅಲ್ಲಗಳೆಯುವುದಿಲ್ಲ. ದಸರೆಯ ಸ್ತಬ್ಧಚಿತ್ರಕ್ಕೆ, ನಾಟಕದ ರಂಗಸಜ್ಜಿಕೆಗೆ, ಅಂಗಡಿಯ ಮುಂದಿನ ಬೊಂಬೆಗೆ ಫೈಬರಿಗಿಂತ ಅನುಕೂಲವಾದ ವಸ್ತು ಇನ್ನೊಂದಿಲ್ಲ. ಆದರೆ ನೂರು ವರ್ಷ ನಿಲ್ಲಬೇಕೆಂದು ಬೊಕ್ಕಸದ ಹಣದಲ್ಲಿ ನಿಲ್ಲಿಸುವ ಮೂರ್ತಿಯ ಮಾತು ಬೇರೆ. ಬಿಸಿಲಿನ ಝಳಕ್ಕೆ ರೆಸಿನ್ ಹಳದಿಗಟ್ಟುತ್ತದೆ, ಮೇಲಿನ ಪದರ ಬಿರಿಯುತ್ತದೆ, ಬಣ್ಣ ಹೋದ ಕಡೆ ಗಾಜಿನ ನಾರು ಹೊರಗೆ ಇಣುಕುತ್ತದೆ. ಒಮ್ಮೆ ಗಟ್ಟಿಯಾದ ರೆಸಿನ್ ಮತ್ತೆ ಕರಗುವುದಿಲ್ಲ. ಹಳೆಯ ಕಂಚಿನ ಗಂಟೆಯನ್ನು ಕರಗಿಸಿ ಹೊಸ ಗಂಟೆ ಎರೆಯಬಹುದು, ಹಳೆಯ ಬೀಡು ಕಬ್ಬಿಣ ಮತ್ತೆ ಕುಲುಮೆಗೆ ಹೋಗಬಹುದು. ಒಡೆದ ಫೈಬರ್ ಮೂರ್ತಿಯನ್ನು ಗುಜರಿಯವನೂ ಮುಟ್ಟುವುದಿಲ್ಲ. ತಕ್ಕಡಿಯಲ್ಲಿಟ್ಟು ತೂಗಿದರೆ ಅದಕ್ಕೆ ಬೆಲೆ ಸೊನ್ನೆ. ಬಜೆಟ್ಟಿನ ಪುಸ್ತಕದಲ್ಲಿ ಮಾತ್ರ ಅದಕ್ಕೆ ಲಕ್ಷಗಟ್ಟಲೆ ಬೆಲೆ.

ಉಜ್ಜಯಿನಿಯ ಕಥೆಯನ್ನು ಮರೆಯಬಾರದು. ಅಲ್ಲಿಯ ‘ಮಹಾಕಾಲ ಲೋಕ’ವನ್ನು 2022ರ ಅಕ್ಟೋಬರ್ 11ರಂದು ಪ್ರಧಾನಮಂತ್ರಿಗಳೇ ಬಂದು ಉದ್ಘಾಟಿಸಿದರು. ನೂರಾರು ಕೋಟಿಯ ಯೋಜನೆ. ಎಂಟು ತಿಂಗಳೂ ತುಂಬಿರಲಿಲ್ಲ. 2023ರ ಮೇ 28ರಂದು ಬೀಸಿದ ಬಿರುಗಾಳಿಗೆ ಸಪ್ತರ್ಷಿಗಳಲ್ಲಿ ಆರು ಮಂದಿ ಋಷಿಗಳು ಪೀಠದಿಂದ ಉರುಳಿಬಿದ್ದರು. ಫೈಬರಿನ ಋಷಿಗಳು! ತಪಸ್ಸಿಗೆ ಅಲುಗದವರನ್ನು ಗಾಳಿ ಅಲುಗಿಸಿತು. ಗಾಳಿಯ ವೇಗ ಹೆಚ್ಚಾಗಿತ್ತೆಂದು ಅಧಿಕಾರಿಗಳು ಹೇಳಿದರು. ಬೇಸಿಗೆಯ ಕೊನೆಗೆ ಗಾಳಿ ಬೀಸುತ್ತದೆಂಬುದು ಟೆಂಡರ್ ಬರೆಯುವ ದಿನ ತಿಳಿದಿರಲಿಲ್ಲವೇ?

ದೂರದ ಉಜ್ಜಯಿನಿ ಏಕೆ? ನಮ್ಮ ಘಟ್ಟದ ಕೆಳಗೇ, ಕಾರ್ಕಳದ ಬೈಲೂರಿನ ಗುಡ್ಡದ ಮೇಲೆ 33 ಅಡಿಯ ಪರಶುರಾಮನನ್ನು ನಿಲ್ಲಿಸಿ 2023ರ ಜನವರಿಯಲ್ಲಿ ಪರದೆ ಸರಿಸಿದರು. ಕಂಚಿನ ಮೂರ್ತಿ ಎಂದು ಸಾರಿದ್ದಾಯಿತು. ಅದೇ ವರ್ಷ ಅದರ ಮೇಲ್ಭಾಗವನ್ನು ಕೆಳಗಿಳಿಸಬೇಕಾಗಿ ಬಂತು. ಒಂದು ಪಕ್ಷ ಅದು ಫೈಬರ್ ಎಂದಿತು, ಇನ್ನೊಂದು ಪಕ್ಷ ಅಲ್ಲವೆಂದಿತು; ಪೊಲೀಸ್ ತನಿಖೆ, ಬಂಧನ, ನ್ಯಾಯಾಲಯ ಎಲ್ಲವೂ ಆದವು. ಯಾರು ತಪ್ಪಿತಸ್ಥರೆಂಬುದನ್ನು ನ್ಯಾಯಾಲಯವೇ ಹೇಳಲಿ, ಅದು ನಮ್ಮ ಕೆಲಸವಲ್ಲ. ನಾವು ಕೇಳುವುದು ಇಷ್ಟೆ: ಜನರ ಹಣದಲ್ಲಿ ನಿಂತ ಮೂರ್ತಿ ಕಂಚೋ, ಹಿತ್ತಾಳೆಯೋ, ಫೈಬರೋ ಎಂಬುದನ್ನು ಕಂಡುಹಿಡಿಯಲು ಪೊಲೀಸರು ಬೆಟ್ಟ ಹತ್ತಬೇಕಾಯಿತೇ? ನಮ್ಮ ಅಂಗಡಿಬೀದಿಯ ಪಾತ್ರೆ ವ್ಯಾಪಾರಿ ಹಿತ್ತಾಳೆಯನ್ನು ಕಂಚೆಂದು ಮಾರಿದರೆ ಗಿರಾಕಿ ಸಂಜೆಯೊಳಗೆ ವಾಪಸು ತಂದು ಮುಖದ ಮೇಲೆ ಎಸೆಯುತ್ತಾನೆ. ಸರ್ಕಾರದ ಅಂಗಡಿಗೆ ಮಾತ್ರ ವಾಪಸು ತರುವ ಪದ್ಧತಿಯಿಲ್ಲ.

ಇನ್ನು, ಈ ಮೂರ್ತಿಗಳನ್ನು ಮಾಡುವ ಕೈಗಳ ವಿಷಯ. ಟೆಂಡರ್ ಹಿಡಿದವನು ಒಬ್ಬ, ಅವನಿಂದ ಒಳಗುತ್ತಿಗೆ ಪಡೆದವನು ಇನ್ನೊಬ್ಬ, ಶೆಡ್ಡಿನಲ್ಲಿ ಕುಳಿತು ರೆಸಿನ್ ಕಲಸುವವನು ಮೂರನೆಯವನು. ಈ ಮೂರನೆಯವನ ಹೆಸರು ಎಲ್ಲಿಯೂ ಬರುವುದಿಲ್ಲ. ಪಾಲಿಯೆಸ್ಟರ್ ರೆಸಿನ್ನಿನಿಂದ ಏಳುವ ಘಾಟು ಸ್ಟೈರೀನ್ ಎಂಬ ವಸ್ತುವಿನದು. ತಲೆ ಸುತ್ತು, ಕಣ್ಣುರಿ, ವಾಂತಿ ಬಂದಂತಾಗುವುದು ಇದರ ನಿತ್ಯದ ಉಡುಗೊರೆ. ಮನುಷ್ಯನಿಗೆ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಸೇರಿಸಿತು. ಗ್ರೈಂಡರ್ ಹಿಡಿದು ಉಜ್ಜುವಾಗ ಹಾರುವ ಗಾಜಿನ ಧೂಳು ಚರ್ಮಕ್ಕೆ ಚುಚ್ಚಿ ರಾತ್ರಿಯೆಲ್ಲ ತುರಿಸುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಇದು ನಿಲ್ಲುವುದಿಲ್ಲ. ಸರಿಯಾದ ಮುಖವಾಡ ಬೇಕು, ಕೈಚೀಲ ಬೇಕು, ಗಾಳಿ ಹೊರಗೆ ಎಳೆಯುವ ಫ್ಯಾನು ಬೇಕು. ಟೆಂಡರಿನ ಷರತ್ತುಗಳಲ್ಲಿ ಮೂರ್ತಿಯ ಎತ್ತರ, ಬಣ್ಣ, ತಲುಪಿಸುವ ದಿನಾಂಕ ಇರುತ್ತವೆ. ಈ ಮುಖವಾಡದ ಮಾತು ಯಾವ ಷರತ್ತಿನಲ್ಲಿದೆ ತೋರಿಸಿ.

ರಾಳವೆಂದರೆ ನಮಗೇನೂ ವೈರವಿಲ್ಲ. ನಮ್ಮ ಹಿರಿಯರು ಕಂಚು ಎರೆಯುವಾಗ ಜೇನುಮೇಣಕ್ಕೆ ರಾಳ ಬೆರೆಸಿಯೇ ಮಾದರಿ ಮಾಡುತ್ತಿದ್ದರು. ಚನ್ನಪಟ್ಟಣದ ಗೊಂಬೆಯ ಹೊಳಪು ಅರಗಿನದು. ಅರಗಿನ ಗೊಂಬೆ ತಾನು ದಂತವೆಂದು ಎಂದೂ ಹೇಳಿಕೊಳ್ಳಲಿಲ್ಲ, ಅದಕ್ಕೇ ಅದರ ಮರ್ಯಾದೆ ಉಳಿಯಿತು. ಇಂದಿನ ಶಿಲ್ಪಿಗಳಲ್ಲಿ ರೆಸಿನ್ನನ್ನು ರೆಸಿನ್ನಾಗಿಯೇ ತೋರಿಸುವವರಿದ್ದಾರೆ. ಅದರ ಪಾರದರ್ಶಕ ಗುಣವನ್ನೇ ಹಿಡಿದು, ಒಳಗೆ ಹಳೆಯ ಕೀಲಿಕೈಯನ್ನೋ ಒಣಗಿದ ಎಲೆಯನ್ನೋ ಹೂತಿಟ್ಟು ನಮ್ಮ ಕಣ್ಣಮುಂದೆ ಹಿಡಿಯುತ್ತಾರೆ. ಅವರ ಮೇಲೆ ನಮ್ಮ ತಕರಾರಿಲ್ಲ. ತಕರಾರಿರುವುದು ಸೋಗಿನ ಮೇಲೆ.

ಈಗ ಗುಜರಿಯ ಮಾತಿಗೆ ಬರೋಣ. ಭದ್ರಾವತಿಯ ಎಷ್ಟು ಮಂದಿಗೆ ಶೀಲಾ ಗೌಡ ಅವರ ಹೆಸರು ಗೊತ್ತು? 1957ರಲ್ಲಿ ಭದ್ರಾವತಿಯಲ್ಲೇ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತವರು. ಕಲಿತದ್ದು ಚಿತ್ರಕಲೆ. ಆದರೆ 1992ರ ಮುಂಬಯಿ ಗಲಭೆಗಳ ಕಾಲದ ನಂತರ ಬಣ್ಣವನ್ನು ಬದಿಗಿಟ್ಟು ಸಗಣಿಗೆ ಕೈಹಾಕಿದರು. ಆಮೇಲೆ ಕುಂಕುಮ ಮೆತ್ತಿದ ದಾರ, ಸೂಜಿ, ಊದುಬತ್ತಿಯ ಬೂದಿ, ಹಳೆಯ ಬಾಗಿಲು ಕಿಟಕಿಯ ತುಂಡು, ಡಾಂಬರಿನ ಡಬ್ಬಿ. ಯಾವುದೂ ಪೇಟೆಯ ಕಲಾಸಾಮಗ್ರಿಯ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಎಲ್ಲವೂ ನಮ್ಮ ಹಿತ್ತಿಲಿನಲ್ಲಿ, ರಸ್ತೆಬದಿಯಲ್ಲಿ ಸಿಗುವವು.

2006ರಲ್ಲಿ ಅವರು ಮಾಡಿದ ಒಂದು ಕೃತಿಯ ಹೆಸರು ‘ಡಾರ್ಕ್‌ರೂಂ’. ರಸ್ತೆಗೆ ಡಾಂಬರು ಹಾಕುವ ಕೂಲಿಗಳು ಖಾಲಿ ಡಬ್ಬಿಗಳನ್ನು ಚಪ್ಪಟೆ ಬಡಿದು ತಮ್ಮ ಗುಡಿಸಲಿಗೆ ಗೋಡೆ, ಮಾಡು ಮಾಡಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ನೋಡಿ ಮುಂದೆ ಹೋಗಿದ್ದೇವೆ. ಈಕೆ ಅಂಥ ಡಬ್ಬಿಗಳಿಂದಲೇ ಒಂದು ಕೋಣೆ ಕಟ್ಟಿದರು. ಹೊರಗಿನಿಂದ ಕೋಟೆಯ ಹಾಗೆ. ಒಳಗೆ ಬಗ್ಗಿ ತೆವಳಿಕೊಂಡು ಹೋಗಬೇಕು. ಕತ್ತಲೆ. ತಲೆ ಎತ್ತಿದರೆ ತಗಡಿಗೆ ಕೊರೆದ ತೂತುಗಳಿಂದ ಬೆಳಕು ಬಿದ್ದು ನಕ್ಷತ್ರಗಳ ಹಾಗೆ ಕಾಣುತ್ತದೆ. ಸೂಟು ತೊಟ್ಟ ಶ್ರೀಮಂತ ಪ್ರೇಕ್ಷಕನೂ ಅಲ್ಲಿ ರಸ್ತೆ ಕೂಲಿಯ ಹಾಗೆ ಬಗ್ಗಲೇಬೇಕು. ಕೂಲಿಯ ಬದುಕಿನ ಬಗ್ಗೆ ನಮ್ಮ ಭಾಷಣಕಾರರು ಎರಡು ಗಂಟೆ ಮಾತಾಡಿದರೂ ಕೇಳುವವನ ಬೆನ್ನು ಬಾಗುವುದಿಲ್ಲ. ಇಲ್ಲಿ ಬಾಗುತ್ತದೆ.

ಇನ್ನೊಂದು ಕೃತಿ 2009ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿತ್ತು. ನಮ್ಮ ಲಾರಿ ಚಾಲಕರು, ಟೆಂಪೋ ಮಾಲೀಕರು ದೃಷ್ಟಿ ತಾಗದಿರಲೆಂದು ಬಂಪರಿಗೆ ಕಟ್ಟುವ ಕೂದಲಿನ ಹಗ್ಗ ಇದೆಯಲ್ಲ, ಅದೇ ಹಗ್ಗ ಸುಮಾರು ನಾಲ್ಕು ಸಾವಿರ ಮೀಟರು! ದೇವಸ್ಥಾನಗಳಲ್ಲಿ ಹರಕೆಗೆ ಮುಡಿ ಕೊಟ್ಟವರ ಕೂದಲು ಅದು. ಆ ಹಗ್ಗದಿಂದ ಉಕ್ಕಿನ ಬಂಪರುಗಳನ್ನು ತೂಗುಹಾಕಿದ್ದಾರೆ. ಭಾರವಾದ ಉಕ್ಕನ್ನು ಬಡವರ ಕೂದಲು ಹೊತ್ತು ನಿಂತಿದೆ. ಈ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಇದನ್ನು ಓದಿ ಅರ್ಥಮಾಡಿಕೊಳ್ಳಲು ಇಂಗ್ಲಿಷ್ ಕಲಾವಿಮರ್ಶಕ ಬೇಕಿಲ್ಲ. ಭದ್ರಾವತಿಯ ಯಾವ ಲಾರಿ ಕ್ಲೀನರನಾದರೂ ಸಾಕು. ಆದರೆ ಆ ಕ್ಲೀನರನಿಗೆ ಅದನ್ನು ನೋಡುವ ಅವಕಾಶ ಎಲ್ಲಿದೆ? ಬೆಂಗಳೂರಿಗೇ ಸುಮಾರು 250 ಕಿಲೋಮೀಟರು, ಲಂಡನ್ನಿನ ಮಾತು ಹಾಗಿರಲಿ. ಗ್ಯಾಲರಿಗಳ ಜಗತ್ತನ್ನೂ ನಾವು ಇಲ್ಲಿ ಬಿಡುವುದಿಲ್ಲ: ಬಡವನ ಹಿತ್ತಿಲಿನಿಂದ ವಸ್ತುವನ್ನೆತ್ತಿ, ಶ್ರೀಮಂತನ ಹವಾನಿಯಂತ್ರಿತ ಕೋಣೆಯಲ್ಲಿಟ್ಟು, ಬಡವನಿಗೆ ಬಾಗಿಲು ಮುಚ್ಚುವ ಈ ವ್ಯವಹಾರ ಕಲಾವಿದರ ತಪ್ಪಲ್ಲದಿರಬಹುದು, ತಪ್ಪಂತೂ ಹೌದು.

ಇಲ್ಲೊಂದು ಕುಚೋದ್ಯವನ್ನೂ ಗಮನಿಸಿ. ಲಂಡನ್ನಿನ ಟೇಟ್ ಮಾಡರ್ನ್ ಎಂಬ ಆ ದೊಡ್ಡ ಕಲಾಮಂದಿರ ಮೊದಲು ವಿದ್ಯುತ್ ಉತ್ಪಾದನಾ ಕೇಂದ್ರವಾಗಿತ್ತು; 2000ದಲ್ಲಿ ಕಲಾಮಂದಿರವಾಗಿ ತೆರೆಯಿತು. ಶೀಲಾ ಗೌಡರ ಕೃತಿಗಳ ದೊಡ್ಡ ಪ್ರದರ್ಶನ 2019ರಲ್ಲಿ ನಡೆದ ಮಿಲಾನಿನ ಹ್ಯಾಂಗರ್ ಬಿಕೊಕ್ಕ ಕೂಡ ರೈಲು ಎಂಜಿನ್ನಿನ ಭಾಗಗಳನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆ. ಭದ್ರಾವತಿಯ ಮಗಳ ಕೆಲಸವನ್ನು ಅನ್ಯದೇಶದ ಕಾರ್ಖಾನೆಯ ಗೋಡೆಗಳು ನೋಡಿವೆ, ಭದ್ರಾವತಿಯ ಕಾರ್ಖಾನೆಯ ಗೋಡೆಗಳು ನೋಡಿಲ್ಲ.

ನಮ್ಮ ಕಾರ್ಖಾನೆಗಳ ಸ್ಥಿತಿಯನ್ನು ನಮ್ಮ ಓದುಗರಿಗೆ ಹೇಳಬೇಕಿಲ್ಲ. 1918ರಲ್ಲಿ ಸ್ಥಾಪನೆಗೊಂಡು 1923ರಲ್ಲಿ ಕಬ್ಬಿಣ ಇಳಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಕಾಡಿನ ಇದ್ದಿಲು ತಿಂದು ಬೆಳೆಯಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಆ ಕಾರ್ಖಾನೆಯನ್ನು ಮುಚ್ಚಲು ಭಾರತೀಯ ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. 1936ರ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕನ್ನಡದ ಪತ್ರಿಕೆಗಳಿಗೆ ಕಾಗದ ಕೊಟ್ಟ ಯಂತ್ರಗಳು ಅವು. ಕಾರ್ಖಾನೆಯನ್ನು ಮುಚ್ಚಿ ಮ್ಯೂಸಿಯಂ ಮಾಡಿ ಎಂದು ನಾವು ಹೇಳಿದೆವೆಂದು ಯಾರೂ ತಿರುಚಬೇಡಿ. ಮೊದಲು ಕೆಲಸ, ಮೊದಲು ಉತ್ಪಾದನೆ. ಅದರಲ್ಲಿ ಎರಡು ಮಾತಿಲ್ಲ. ಟೇಟ್‌ನಲ್ಲಿ ಎಷ್ಟು ಚೆಂದದ ಕೃತಿಗಳಿದ್ದರೂ ಆ ವಿದ್ಯುತ್ ಕೇಂದ್ರದ ಕೂಲಿಕಾರನಿಗೆ ಅದರಿಂದ ಸಂಬಳ ಬರಲಿಲ್ಲ. ಆದರೆ ಯಂತ್ರದ ಆಯಸ್ಸು ಮುಗಿದು ಅದನ್ನು ಕಳಚುವ ದಿನ ಬಂದಾಗ, ಎಲ್ಲವನ್ನೂ ಹರಾಜು ಕೂಗಿ ಟನ್ನಿನ ಲೆಕ್ಕದಲ್ಲಿ ಹೊರಊರಿನ ದೊಡ್ಡ ಗುತ್ತಿಗೆದಾರನ ಟ್ರಕ್ಕಿಗೆ ತುಂಬಬೇಕೇ? ಒಂದು ಉರುಳೆ, ಒಂದು ಹಲ್ಲುಚಕ್ರ, ಎರಕದ ಒಂದು ಸೌಟು ನಮ್ಮ ಊರಿಗೆ ಉಳಿಯಬಾರದೇ?

ಗುಜರಿ ವ್ಯಾಪಾರಿಯ ಪಾಡೂ ಇದಕ್ಕೆ ಹೊಂದಿಕೊಂಡಿದೆ. ತಳ್ಳುಗಾಡಿಯವನಿಂದ ತಗಡು ಕೊಳ್ಳುವ ಸಣ್ಣ ಅಂಗಡಿಕಾರನಿಗೆ 2024ರ ಅಕ್ಟೋಬರ್ 10ರಿಂದ ಹೊಸ ಕಾಟ ಶುರುವಾಯಿತು: ನೋಂದಣಿಯಿಲ್ಲದವನಿಂದ ನೋಂದಾಯಿತ ವ್ಯಾಪಾರಿ ಲೋಹದ ಗುಜರಿ ಕೊಂಡರೆ ತೆರಿಗೆಯನ್ನು ಕೊಂಡವನೇ ಕಟ್ಟಬೇಕು. ತಳ್ಳುಗಾಡಿಯವನಿಗೆ ನೋಂದಣಿ ಎಲ್ಲಿಂದ ಬರಬೇಕು? ಊರಿನ ಕಸವನ್ನು ಬೇರ್ಪಡಿಸಿ, ಕಬ್ಬಿಣ, ತಾಮ್ರ, ಹಿತ್ತಾಳೆ ಎಂದು ಕಣ್ಣಳತೆಯಲ್ಲೇ ಗುರುತಿಸುವ ಈ ಮನುಷ್ಯನಿಗೆ ಕಾನೂನಿನ ಪುಸ್ತಕದಲ್ಲಿ ಲೆಕ್ಕ ಮಾತ್ರ ಉಂಟು, ಗೌರವವಿಲ್ಲ. ಫೈಬರ್ ಮೂರ್ತಿ ನೋಡಿ ಕಂಚೆಂದು ಮೋಸಹೋಗದವನು ಊರಿನಲ್ಲಿ ಅವನೊಬ್ಬನೇ. ಉಗುರಿನಿಂದ ತಟ್ಟಿ ಸದ್ದು ಕೇಳಿದರೆ ಸಾಕು ಅವನಿಗೆ!

ಬಿಸಾಡಿದ್ದರಲ್ಲಿ ರೂಪ ಕಾಣುವ ಈ ಬುದ್ಧಿ ವಿದೇಶದಿಂದ ಬಂದ ಶೋಕಿ ಎನ್ನುವವರೂ ಇದ್ದಾರೆ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟಿಗೆ ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ್ದು ನಿಜ. ಆದರೆ ಚಂಡೀಗಢದ ನೇಕ್ ಚಂದ್ ಯಾರು? ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್ಸ್‌ಪೆಕ್ಟರು. ದೇಶ ವಿಭಜನೆಯಲ್ಲಿ ಊರು ಕಳೆದುಕೊಂಡು ಬಂದವನು. ಹೊಸ ರಾಜಧಾನಿ ಕಟ್ಟಲು ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರು, ವಿದ್ಯುತ್ತಿನ ಹಳೆಯ ಸಾಮಾನು ಎಲ್ಲವನ್ನೂ ಸೈಕಲ್ಲಿನಲ್ಲಿ ಹೇರಿಕೊಂಡು ಹೋಗಿ, 1957ರಿಂದ ಸುಮಾರು ಹದಿನೆಂಟು ವರ್ಷ ಸರ್ಕಾರದ ಕಣ್ಣುತಪ್ಪಿಸಿ ಕಾಡಿನೊಳಗೆ ಮನುಷ್ಯರ, ಪ್ರಾಣಿಗಳ ಒಂದು ಊರನ್ನೇ ಕಟ್ಟಿದ. ಪತ್ತೆಯಾದಾಗ ಅದು ಕಾನೂನುಬಾಹಿರ. ಕೆಡವಿಬಿಡುವ ಮಾತೂ ಬಂತು. ಜನ ಬಿಡಲಿಲ್ಲ. 1976ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು, ಅವನಿಗೆ ಸಂಬಳವನ್ನೂ ಐವತ್ತು ಮಂದಿ ಕೆಲಸಗಾರರನ್ನೂ ಕೊಟ್ಟರು. ಇಲಾಖೆಯೊಂದು ತನ್ನ ನೌಕರನಿಗೆ ಕೆಲಸದ ವೇಳೆಯಲ್ಲೇ ಶಿಲ್ಪ ಮಾಡಲು ಬಿಟ್ಟ ಉದಾಹರಣೆ ಇದು. ನಮ್ಮಲ್ಲಿ ಇಂಥ ನೌಕರನಿಗೆ ಮೊದಲು ಬರುವುದು ನೋಟೀಸು.

ನಮ್ಮ ಜಿಲ್ಲೆಯ ಕೈಗೆ ಕಸುಬಿಲ್ಲವೇ? ಮುರ್ಡೇಶ್ವರದ 123 ಅಡಿಯ ಶಿವನನ್ನು ಕಟ್ಟಿದವರು ಶಿವಮೊಗ್ಗದ ಕಾಶೀನಾಥ್ ಮತ್ತು ಅವರ ಸಂಗಡಿಗರು. ಅದು ಸಿಮೆಂಟು, ಸಿಮೆಂಟೆಂದೇ ಎಲ್ಲರಿಗೂ ಗೊತ್ತು. ಸಾಗರ, ಸೊರಬದ ಗುಡಿಗಾರರ ಉಳಿ ಶ್ರೀಗಂಧದ ಮೇಲೆ ಆಡಿದ್ದನ್ನು ದೇಶವೆಲ್ಲ ನೋಡಿದೆ. ಗಂಧ ಕೈಗೆಟುಕದ ಬೆಲೆಗೆ ಹೋದ ಮೇಲೆ ಆ ಉಳಿಗೆ ಕೆಲಸ ಎಲ್ಲಿ? ಇತ್ತ ಬೆಸುಗೆ, ಎರಕ, ಲೇತು ಬಲ್ಲ ನಿವೃತ್ತ ಕಾರ್ಮಿಕರು ಭದ್ರಾವತಿಯಲ್ಲಿ ಮನೆಮನೆಗೂ ಇದ್ದಾರೆ.

ಸವಳಂಗ ರಸ್ತೆಯನ್ನೇ ತೆಗೆದುಕೊಳ್ಳಿ. ಶಿವಮೊಗ್ಗದಿಂದ ಹೊರಟು ನವುಲೆಯ ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ದಾಟಿ ಹೋಗುವ ಈ ರಸ್ತೆ ಸವಳಂಗದಿಂದ ಶಿಕಾರಿಪುರಕ್ಕೆ ಸಾಗುತ್ತದೆ. ಅಲ್ಲಿಂದ ಮುಂದೆ ಶಿರಾಳಕೊಪ್ಪದ ಮಗ್ಗುಲಿಗೆ ಬಳ್ಳಿಗಾವೆ. ಗಂಡಭೇರುಂಡ ಸ್ತಂಭ ಅಲ್ಲಿ ಇಂದಿಗೂ ನಿಂತಿದೆ. ಆ ಸೀಮೆಯ ವೀರಗಲ್ಲುಗಳಲ್ಲಿ ತುರು ಕಾಯಲು ಹೋಗಿ ಸತ್ತ ಸಾಮಾನ್ಯರ ರೂಪಗಳಿವೆ. ರಾಜನಿಗೆ ಮಾತ್ರ ಕಲ್ಲು ಎಂಬ ನಿಯಮ ಆ ಕಾಲದವರಿಗೂ ಇರಲಿಲ್ಲ. ಒಂದು ತುದಿಯಲ್ಲಿ ಯಂತ್ರವಿದ್ಯೆ ಕಲಿಯುವ ಹುಡುಗರು, ಇನ್ನೊಂದು ತುದಿಯಲ್ಲಿ ಸಾವಿರ ವರ್ಷದ ಕಲ್ಲು. ನಡುವೆ ನಾವು ಸಿಕ್ಕಸಿಕ್ಕಲ್ಲಿ ಫೈಬರ್ ಜಿಂಕೆಗಳನ್ನು ನೆಡುವ ಯೋಜನೆ ಹಾಕಿಕೊಂಡು ಕೂತರೆ ಮುಂದಿನವರು ನಗುತ್ತಾರೆ.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಶಿವಮೊಗ್ಗ ಮಹಾನಗರ ಪಾಲಿಕೆಯೂ ಭದ್ರಾವತಿ ನಗರಸಭೆಯೂ ಇನ್ನು ಮುಂದೆ ನಿಲ್ಲಿಸುವ ಪ್ರತಿಯೊಂದು ಮೂರ್ತಿಯ ಪೀಠದಲ್ಲಿ ಅದು ಯಾವ ವಸ್ತುವಿನದು, ಎಷ್ಟು ತೂಕ, ಎಷ್ಟು ಖರ್ಚು, ಮಾಡಿದವರು ಯಾರು ಎಂಬುದನ್ನು ಕನ್ನಡದಲ್ಲಿ ಕೆತ್ತಬೇಕು. ಮಾಡಿದವರೆಂದರೆ ಟೆಂಡರ್ ಹಿಡಿದವನಲ್ಲ, ಕೈ ಹಾಕಿದವರೆಲ್ಲರೂ. ಈಗಾಗಲೇ ನಿಂತಿರುವವುಗಳಿಗೂ ಫಲಕ ಬರಲಿ. ಅದಕ್ಕೆ ಹಣವಿಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಸಾಕು, ಅದನ್ನು ನಮ್ಮ ಓದುಗರೇ ಹಾಕುತ್ತಾರೆ. ಫೈಬರ್ ಕೆಲಸ ಕೊಡುವ ಪ್ರತಿಯೊಂದು ಟೆಂಡರಿನಲ್ಲೂ ಶೆಡ್ಡಿನ ಗಾಳಿ, ಮುಖವಾಡ, ಕೂಲಿಯ ದರ ಷರತ್ತಾಗಿ ಬರಬೇಕು.

ಇನ್ನೊಂದು ಬೇಡಿಕೆ ಸವಳಂಗ ರಸ್ತೆಯ ಬದಿಗೆ ಒಂದು ಶೆಡ್ಡು. ಮೇಲೆ ತಗಡು, ಒಳಗೆ ವಿದ್ಯುತ್ತು, ಬೆಸುಗೆಯ ಎರಡು ಯಂತ್ರ, ಒಂದು ಸಣ್ಣ ಎರಕದ ಕುಲುಮೆ. ಉಕ್ಕಿನ ಕಾರ್ಖಾನೆಯ ಹಾಗೂ ಕಾಗದ ಕಾರ್ಖಾನೆಯ ನಿರುಪಯುಕ್ತ ಸಾಮಾನಿನಲ್ಲಿ ಒಂದು ಪಾಲು ಹರಾಜಿಗೆ ಮೊದಲು ಅಲ್ಲಿಗೆ ಬರಲಿ. ಉಳಿದದ್ದನ್ನು ಊರಿನ ಗುಜರಿಯವರಿಂದ ನ್ಯಾಯವಾದ ಬೆಲೆಗೆ ಕೊಳ್ಳಲಿ. ಸಾಗರದ ಗುಡಿಗಾರನೂ ಭದ್ರಾವತಿಯ ನಿವೃತ್ತ ಬೆಸುಗೆಗಾರನೂ ದಿನಗೂಲಿ ಪಡೆದು ಕಲಿಸಲಿ, ನವುಲೆಯ ವಿದ್ಯಾರ್ಥಿಗಳೂ ಐಟಿಐ ಹುಡುಗರೂ ಕಲಿಯಲಿ. ಮೊದಲ ವರ್ಷ ಹೊರಬರುವ ಕೆಲಸಗಳು ಸೊಟ್ಟಗಿರಬಹುದು. ಇರಲಿ. ಶೀಲಾ ಗೌಡರನ್ನು ಒಂದು ವಾರದ ಮಟ್ಟಿಗೆ ಹುಟ್ಟೂರಿಗೆ ಕರೆಯುವ ಕಾಗದವನ್ನು ನಗರಸಭೆ ಬರೆಯಲಿ. ಅದಕ್ಕೂ ಟೆಂಡರ್ ಬೇಕೆಂದು ಯಾವ ಇಂಜಿನಿಯರೂ ಹೇಳಲಾರರೆಂದು ನಂಬಿದ್ದೇವೆ.

ಈ ಬೇಡಿಕೆಗಳ ಪ್ರತಿಯನ್ನು ಪಾಲಿಕೆಗೆ, ನಗರಸಭೆಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಕಳಿಸುತ್ತೇವೆ. ಬಂದ ಉತ್ತರವನ್ನು ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ. ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತೇವೆ.